ಅಮ್ಮ ತುಂಬಿದ ಎಸಳು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಆದ್ದರಿಂದ ತಪ್ಪು ಮಾಡುವ ಸ್ವಾತಂತ್ರ್ಯ ನನಗಿರಲಿಲ್ಲ. ಅದು ಎರಡನೆಯ ತಲೆಮಾರಿನವರ ಸವಲತ್ತು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ, ಕೈಯಚ್ಚಿನ ಬಟ್ಟೆಗಳ ಪರಂಪರೆಯ ಕುರಿತು ಮಾತನಾಡುವಂತೆ ಪ್ರಾಂಶುಪಾಲರು ಹೇಳಿದರು. ಹೊರಗಿನಿಂದ ತಜ್ಞರೊಬ್ಬರು ಬರುವವರಿದ್ದರು. ಮಾತು ಚೆನ್ನಾಗಿ ಆದರೆ ಮಾತ್ರ ಮುಂದಿನ ವರ್ಷವೂ ಕೆಲಸ ಎಂಬುದನ್ನು ಪ್ರಾಂಶುಪಾಲರು ಬಾಯಿಬಿಟ್ಟು ಹೇಳಲಿಲ್ಲ. ಕನ್ನಡಕ ಒರೆಸುತ್ತಾ ಸೂಚಿಸಿದರು.

ಸಭೆಗೆ ತೋರಿಸಲೆಂದು ಮಂಗಳೂರಿನ ಪ್ರದರ್ಶನವೊಂದರಲ್ಲಿ ನೀಲಿ ಹೂವಿನ ಸೀರೆ ಕೊಂಡೆ. ಮರದ ಅಚ್ಚನ್ನು ಬಣ್ಣಕ್ಕೆ ಅದ್ದಿ ಕೈಯಿಂದ ಒತ್ತಿದ ಸೀರೆ. ಒತ್ತಡ ಕಡಿಮೆಯಾದ ಕಡೆ ಎಸಳುಗಳು ಅರ್ಧಕ್ಕೇ ನಿಂತಿದ್ದವು. ಆ ಕುಂದೇ ಕೈಕೆಲಸದ ಸಹಿ ಎಂದು ಭಾಷಣಕ್ಕೆ ಸಿದ್ಧಮಾಡಿಕೊಂಡಿದ್ದೆ.

ನರಿಕೊಂಬಿನ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾಳೆ. ಬೀಡಿ ಸೊಟ್ಟಗಾದರೆ, ಕಟ್ಟಿದ್ದನ್ನು ಕೊಳ್ಳುವ ಬ್ರಾಂಚಿನವರು ತೆಗೆದು ಆಚೆ ಹಾಕುತ್ತಾರೆ. ಅದು ಕೈಯ ಸಹಿ ಎಂದರೆ ಕೇಳುವುದಿಲ್ಲ. ಅಮ್ಮ ಸೀರೆಯನ್ನು ಅದೇ ಕಣ್ಣಿನಿಂದ ನೋಡಿದಳು. ಅವಳ ತುಳುವನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅರ್ಧ ಖಾರ ದಾರಿಯಲ್ಲೇ ಚೆಲ್ಲಿದೆ.

"ಇದು ನೈಟಿಯ ಬಟ್ಟೆ ಅಲ್ವಾ ಮಗಾ?"

"ಅಲ್ಲಮ್ಮ, ಇದು ಪರಂಪರೆ."

"ಪರಂಪರೆಗೆ ಎಸಳೇ ಇಲ್ಲ ಮಾರಾಯ್ತಿ! ನಿನಗೆ ಟೊಪ್ಪಿ ಹಾಕಿದ್ದಾರೆ."

ಭಾಷಣದ ದಿನ ಬೆಳಿಗ್ಗೆ ಸೀರೆ ಬಿಡಿಸಿದರೆ ಒಂದು ಹೂವೂ ಊನವಾಗಿರಲಿಲ್ಲ. ಅಮ್ಮ ಬಿ.ಸಿ.ರೋಡಿನ ಅಂಗಡಿಯಿಂದ ಬಟ್ಟೆಯ ಬಣ್ಣ ತಂದು, ಬೆಂಕಿಕಡ್ಡಿಯ ತುದಿಯಿಂದ ಎಲ್ಲ ಎಸಳುಗಳನ್ನೂ ತುಂಬಿದ್ದಳು.

"ಅಷ್ಟು ಜನರ ಎದುರು ಹರಕು ಹೂ ಹಿಡ್ಕೊಂಡು ನಿಲ್ತೀಯಾ?" ಎಂದಳು.

ಬೇರೆ ಸೀರೆ ತರಲು ಸಮಯವಿರಲಿಲ್ಲ. ಸಭೆಯಲ್ಲಿ ಸಹಿಯ ವಿಚಾರವನ್ನು ನುಂಗಿಕೊಂಡು ಮಾತು ಮುಗಿಸಿದೆ. ತಜ್ಞರು ಎದ್ದುಬಂದು ಮೇಜಿನ ಮೇಲೆ ಹರಡಿದ್ದ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದರು.

"ಈ ಎಸಳು ನೋಡಿ! ಅಚ್ಚಿನ ಗೆರೆಯನ್ನೇ ದಾಟಿದೆ. ಯಂತ್ರಕ್ಕೆಲ್ಲಿಯ ಈ ಧೈರ್ಯ? ಇದು ತಲೆಮಾರುಗಳ ಕೈ."

ವಿದ್ಯಾರ್ಥಿಗಳು ಭಕ್ತಿಯಿಂದ ಬರೆದುಕೊಂಡರು.

"ಈ ಕುಶಲಕರ್ಮಿ ಯಾವ ಊರಿನವರು?" ತಜ್ಞರು ನನ್ನನ್ನು ಕೇಳಿದರು.

ಪ್ರಾಂಶುಪಾಲರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ನಿಜ ಹೇಳಿದರೆ ತಜ್ಞರ ಮಾನ ಹೋಗುತ್ತದೆ, ಹಿಂದೆಯೇ ನನ್ನ ಕೆಲಸ. ಸುಳ್ಳು ಹೇಳುವ ಅಭ್ಯಾಸವೂ ನನಗೆ ಇರಲಿಲ್ಲ.

"ಆ ಎಸಳು ನರಿಕೊಂಬಿನವರದ್ದು, ಸರ್."

"ಅಲ್ಲಿ ಈ ಪರಂಪರೆ ಇದೆಯೇ?"

"ಒಬ್ಬರೇ ಇದ್ದಾರೆ."

ತಜ್ಞರು ಗಂಭೀರವಾಗಿ ತಲೆಯಾಡಿಸಿದರು. ಪ್ರಾಂಶುಪಾಲರಿಗೆ ಹೆಮ್ಮೆ ಉಕ್ಕಿತು. "ಮುಂದಿನ ವರ್ಷ ಅವರನ್ನೇ ಕರೆಸುವ. ನೀವೇ ಕರ್ಕೊಂಡು ಬನ್ನಿ," ಎಂದರು. ಕೆಲಸ ಉಳಿಯಿತು, ಅಮ್ಮನ ಸಮೇತ.

ಸಂಜೆ ವಿಷಯ ತಿಳಿಸಿದಾಗ ಅಮ್ಮ ಬೀಡಿಯಿಂದ ತಲೆಯೆತ್ತಲಿಲ್ಲ.

"ಬರ್ತೇನೆ. ಸೀರೆ ವಾಪಸ್ ತಂದಿದ್ದೀಯಲ್ಲ? ಅಂಚಿನಲ್ಲಿ ಇನ್ನೂ ಕೆಲವು ಎಲೆ ಬಾಕಿ ಉಂಟು."