ಟಿಫನ್ ಡಬ್ಬಿಯೊಳಗೊಂದು ತಿದ್ದುಪಡಿ

ಕಳೆದ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಪತಿಗೆ ದೆಹಲಿಯ ಆರ್.ಕೆ.ಪುರಂನಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿತು. ಗುರುಗ್ರಾಮದ ಬಾಡಿಗೆ ಫ್ಲ್ಯಾಟ್ ಬಿಟ್ಟು ಬಂದೆವು. ಒಂಬತ್ತನೇ ತರಗತಿಯಲ್ಲಿದ್ದ ಮಗಳು ಇಂಚರ ಶಾಲೆ ಬದಲಿಸಬೇಕಾಯಿತು. ನಾನು ಇಪ್ಪತ್ತು ವರ್ಷಗಳಿಂದ ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕಿ. ಯಾರು, ಏನು, ಎಲ್ಲಿ, ಏಕೆ ಎಂದು ಕೇಳುವ ಚಾಳಿ ಮನೆಯಲ್ಲೂ ಬಿಟ್ಟಿಲ್ಲ.

ಹೊಸ ಶಾಲೆಯಿಂದ ಬಂದವಳೇ ಇಂಚರ ಬ್ಯಾಗ್ ಎಸೆದು ಟ್ಯಾಬ್ ಹಿಡಿಯುತ್ತಿದ್ದಳು. ನೋಡುತ್ತಿದ್ದುದು ನಾಲ್ವರು ಶಾಲಾ ಗೆಳತಿಯರ ಕಥೆಯ ಜಪಾನಿ ಅನಿಮೆ, ಹಾಸ್ಯದ ಕಾರ್ಟೂನ್ ಸರಣಿ. ಒಂದು ಭಾನುವಾರ ಪಕ್ಕದಲ್ಲಿ ಕುಳಿತು ಇಡೀ ಕಂತು ನೋಡಿದೆ. ಆ ನಾಲ್ವರದ್ದು ಗಡಿಯಾರ ರಿಪೇರಿ ಸಂಘ. ಗಡಿಯಾರವೇನೂ ರಿಪೇರಿಯಾಗುವುದಿಲ್ಲ. ಆ ದಿನ ಒಂದು ಬನ್ನನ್ನು ನಾಲ್ಕು ಸಮಪಾಲು ಮಾಡುವುದು ಹೇಗೆಂದು ವಾದಿಸಿದರು, ಸ್ಕೇಲಿಟ್ಟು ಅಳೆದರು. ಅಷ್ಟರಲ್ಲಿ ಕಾಗೆ ಬನ್ನನ್ನು ಎತ್ತಿಕೊಂಡು ಹೋಯಿತು. ಕಂತು ಮುಗಿಯಿತು.

"ಇದರಲ್ಲಿ ಏನಿದೆಯೇ? ಏನೂ ಆಗಲೇ ಇಲ್ಲ" ಎಂದೆ.

"ವಹೀ ತೋ, ಅಮ್ಮ! ಏನೂ ಆಗಲ್ಲ. ಅದಕ್ಕೇ ಚೆನ್ನಾಗಿರೋದು."

"ಪಾಪ, ಬನ್ನೂ ಸಿಗಲಿಲ್ಲ."

"ನಾಲ್ಕು ಜನಕ್ಕೂ ಸಿಗ್ಲಿಲ್ಲ ಅಲ್ವಾ? ಸಾಥ್ ಮೇ, ಒಟ್ಟಿಗೇ ಸಿಗ್ಲಿಲ್ಲ" ಎಂದು ನಕ್ಕಳು.

ಆ ನಗು ನನ್ನನ್ನು ಎಚ್ಚರಿಸಿತು. "ನೀನು ಸ್ಕೂಲಲ್ಲಿ ಯಾರ ಜೊತೆ ಊಟ ಮಾಡ್ತೀಯ?" ಎಂದು ಕೇಳಿದೆ.

"ಟೆರೇಸ್‌ಗೆ ಹೋಗೋ ಮೆಟ್ಟಿಲ ಮೇಲೆ."

ಯಾರು ಎಂದು ಕೇಳಿದ್ದಕ್ಕೆ ಎಲ್ಲಿ ಎಂಬ ಉತ್ತರ ಬಂದಿತ್ತು. ನನ್ನ ಮುಖ ನೋಡಿ ಅವಳೇ ಹೇಳಿದಳು: "ನೀನು ಏನೂ ಮಾಡ್ಬೇಡ. ನಾನೇ ನೋಡ್ಕೋತೀನಿ. ಪ್ರಾಮಿಸ್?"

"ಪ್ರಾಮಿಸ್" ಎಂದೆ.

ಸೋಮವಾರ ಬೆಳಿಗ್ಗೆ ಅವಳ ಕ್ಲಾಸ್ ಟೀಚರಿಗೆ ಫೋನ್ ಮಾಡಿದೆ. ವಿಷಯ ಖಚಿತಪಡಿಸಿಕೊಳ್ಳಲು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಒಳ್ಳೆಯವರು, ತಡಮಾಡಲಿಲ್ಲ.

ಮಧ್ಯಾಹ್ನ ಇಂಚರ ಬಾಗಿಲಲ್ಲೇ ನಿಂತಳು. "ಮ್ಯಾಮ್‌ಗೆ ಫೋನ್ ಮಾಡಿದ್ಯಾ?"

"ಹೂಂ."

"ನಮ್ಮ ಕ್ಲಾಸಿನ ಸಿಮ್ರನ್‌ಗೂ ರಿದ್ಧಿಗೂ ಡ್ಯೂಟಿ ಹಾಕಿದ್ದಾರೆ. ನನ್ನ ಜೊತೆ ಲಂಚ್ ಮಾಡೋ ಡ್ಯೂಟಿ! ರಿದ್ಧಿ ನನ್ನೆದುರೇ ಕೇಳಿದ್ಲು, 'ಕಿತನೇ ದಿನ್ ಬೈಠನಾ ಹೈ, ಮ್ಯಾಮ್?' ಅಂತ. ಎಷ್ಟು ದಿನ ಕೂರ್ಬೇಕಂತೆ! ನಾನು ಇನ್ನು ಆ ಸ್ಕೂಲಿಗೆ ಹೋಗಲ್ಲ."

ಮರುದಿನ ಹೋಗಲೂ ಇಲ್ಲ. ಟ್ಯಾಬ್ ಕೂಡ ಮುಟ್ಟಲಿಲ್ಲ. ಅವಳಿಗಿದ್ದ ನಾಲ್ವರು ಗೆಳತಿಯರನ್ನೂ ನಾನು ಕಿತ್ತುಕೊಂಡಂತಾಗಿತ್ತು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ನಾವು ಸಮಜಾಯಿಷಿ ಕೊಡುವುದಿಲ್ಲ. ಹೇಳಿದ್ದೇನು, ನಿಜವೇನು ಎಂದು ಮರುದಿನ ನಾಲ್ಕು ಸಾಲು ಹಾಕಿ ವಿಷಾದಿಸುತ್ತೇವೆ. ನನಗೆ ಗೊತ್ತಿದ್ದ ದಾರಿ ಅದೊಂದೇ. ಒಂದು ಚೀಟಿ ಬರೆದೆ. ಬೇರೆಯವರ ಕೈಗೆ ಸಿಕ್ಕರೂ ತಿಳಿಯದಿರಲಿ ಎಂದು ಕನ್ನಡದಲ್ಲಿ ಬರೆದೆ. ಇಂಚರ ಅಕ್ಷರ ಕೂಡಿಸಿಕೊಂಡು ಓದಬಲ್ಲಳು.

"ತಿದ್ದುಪಡಿ: ಮಗಳಿಗೆ ಸಹಾಯ ಬೇಕಾಗಿದೆ ಎಂದು ಸೋಮವಾರ ಈ ಮನೆಯಿಂದ ಹೋದ ಫೋನಿನಲ್ಲಿ ಹೇಳಲಾಗಿತ್ತು. ಮಗಳು ಸಹಾಯ ಕೇಳಿರಲಿಲ್ಲ. ಕೇಳಿದ್ದು ಒಂದು ಮಾತು ಮಾತ್ರ. ಅದನ್ನು ಅಮ್ಮ ಮುರಿದಿದ್ದಾಳೆ. ಪ್ರಮಾದಕ್ಕೆ ವಿಷಾದಿಸುತ್ತೇವೆ."

ಕೈಗೆ ಕೊಡಲು ಧೈರ್ಯ ಬರಲಿಲ್ಲ. ಬುಧವಾರ ಬೆಳಿಗ್ಗೆ ನೋಡಿದರೆ ಅವಳೇ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಳು.

"ಹೋಗ್ತೀನಿ. ಮೆಟ್ಟಿಲಿಗಲ್ಲ, ಕ್ಲಾಸಲ್ಲೇ ಕೂತ್ಕೋತೀನಿ. ಡ್ಯೂಟಿ ಖತಂ ಅಂತ ಅವರಿಬ್ಬರಿಗೂ ನಾನೇ ಹೇಳ್ತೀನಿ. ಆಮೇಲೆ ಒಬ್ಳೇ ತಿಂದ್ರೂ ಪರವಾಗಿಲ್ಲ."

ಚಿತ್ರಾನ್ನದ ಡಬ್ಬಿಯ ಮುಚ್ಚಳದ ಕೆಳಗೆ ಚೀಟಿ ಸಿಕ್ಕಿಸಿ ಕಳಿಸಿದೆ. ಆ ದಿನ ನನಗೆ ವಾರದ ರಜೆ. ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ನಡೆದದ್ದನ್ನು ಮಧ್ಯಾಹ್ನ ಅವಳೇ ಹೇಳಿದಳು. ಡ್ಯೂಟಿ ಮುಗಿಯಿತೆಂದು ಅವಳು ಹೇಳಿದಾಗ ಇಬ್ಬರೂ "ಅಚ್ಛಾ" ಎಂದು ಎದ್ದರಂತೆ. ಇವಳು ಡಬ್ಬಿ ತೆರೆದಳು. ಚೀಟಿ ಕೆಳಗೆ ಬಿತ್ತು. ಸಿಮ್ರನ್ ಎತ್ತಿಕೊಂಡು, ಕನ್ನಡದ ದುಂಡು ಅಕ್ಷರ ನೋಡಿ, "ಯೇ ಕ್ಯಾ ಲಿಖಾ ಹೈ, ಜಲೇಬಿ?" ಎಂದಳು. ಇಂಚರ ಒಂದೊಂದೇ ಅಕ್ಷರ ಕೂಡಿಸಿ ಹಿಂದಿಯಲ್ಲಿ ಅರ್ಥ ಹೇಳಿದಳು. 'ವಿಷಾದಿಸುತ್ತೇವೆ' ಎಂಬಲ್ಲಿ, ಅಮ್ಮ ಒಬ್ಬಳೇ ಅಲ್ಲವೇ, ಈ 'ನಾವು' ಯಾರೆಂದು ರಿದ್ಧಿ ತಡೆದಳು: "ಮಮ್ಮಿ ತೋ ಏಕ್ ಹೈ ನಾ? ಯೇ 'ಹಮ್' ಕೌನ್ ಹೈ?"

"ಅಮ್ಮ ಪೇಪರಲ್ಲಿ ಕೆಲಸ ಮಾಡ್ತಾಳೆ, ಬೈಯೋವಾಗ್ಲೂ ಹೀಗೇ 'ನಾವು' ಅಂತಾಳೆ ಅಂದೆ. ಇಬ್ರೂ ಬೆಂಚ್ ಬಡಿದು ಬಡಿದು ನಕ್ಕರು" ಎಂದಳು ಇಂಚರ. "ರಿದ್ಧಿ ಮಮ್ಮಿ ಒಂದ್ಸಲ ಕ್ಲಾಸಿಗೇ ಬಂದು ಅವಳಿಗೆ ಸ್ವೆಟರ್ ತೊಡಿಸಿ ಹೋಗಿದ್ರಂತೆ, ಎಲ್ಲರೆದುರು."

"ಚಿತ್ರಾನ್ನ ತಿಂದ್ಯಾ?"

"ನನಗೆಲ್ಲಿ ಸಿಕ್ತು? ಇಬ್ರೂ ಖಾಲಿ ಮಾಡಿದ್ರು. ಅರ್ಧ ಪರಾಠಾ ಸಿಕ್ತು."

ಆ ಚೀಟಿ ಈಗ ಎಣ್ಣೆ ಕಲೆಯೊಂದಿಗೆ ರಿದ್ಧಿಯ ಪೆನ್ಸಿಲ್ ಬಾಕ್ಸಿನಲ್ಲಿದೆಯಂತೆ. ನಾನು ಬರೆದದ್ದು ಸಾವಿರಾರು ಜನರ ಮನೆಗೆ ಹೋಗಿದೆ. ಇದರಷ್ಟು ಭಯದಿಂದ ಮತ್ತಾವುದನ್ನೂ ಕಳಿಸಿಲ್ಲ. ಮಾತು ಮುರಿದದ್ದು ಈಗಲೂ ಚುಚ್ಚುತ್ತದೆ. ನಕ್ಕ ಮಾತ್ರಕ್ಕೆ ಅದು ಸರಿಯಾಗಿಬಿಡಲಿಲ್ಲ. ಆಮೇಲೆ ಅವಳನ್ನು ಕೇಳದೆ ಶಾಲೆಗೆ ಒಂದು ಕರೆಯನ್ನೂ ಮಾಡಿಲ್ಲ.

ಮೊನ್ನೆ ಶನಿವಾರ ಮೂವರೂ ನಮ್ಮ ಹಾಲ್‌ನಲ್ಲಿ ಕುಳಿತು ಗಡಿಯಾರ ಸಂಘದ ಹೊಸ ಕಂತು ನೋಡುತ್ತಿದ್ದರು. ಒಮ್ಮೆಲೇ ದೊಡ್ಡ ನಗು. ಒಗ್ಗರಣೆ ಸೌಟು ಹಿಡಿದೇ ಬಾಗಿಲಿಗೆ ಬಂದು, "ಏನಾಯ್ತು?" ಎಂದೆ.

"ಕುಛ್ ನಹೀಂ ಹುಆ, ಆಂಟಿ!" ಏನೂ ಆಗಲಿಲ್ಲವೆಂದರು ಇಬ್ಬರು. ಮೂರನೆಯವಳಿಗೆ ನಗು ತಡೆದು ಮಾತಾಡಲಾಗಲಿಲ್ಲ.