ಮೂರನೆಯ ಸೈಕಲ್

ನೆದರ್‌ಲ್ಯಾಂಡ್ಸ್‌ನ ಜೂಟರ್‌ಮೀರ್ ಊರಿನ ನಮ್ಮ ಬೀದಿಯಲ್ಲಿ, ಎದುರು ಮನೆಗೆ ಶ್ರಾವ್ಯಾ ಬರುವವರೆಗೆ, ಕನ್ನಡ ಮಾತಾಡುವ ಮನೆ ನಮ್ಮದೊಂದೇ ಇತ್ತು. ಬೇಸಿಗೆಯ ಸಂಜೆಗಳು ಮುಗಿಯುತ್ತಲೇ ಇರಲಿಲ್ಲ. ಊಟವಾಗಿ, ಹಲ್ಲುಜ್ಜಿ ಮಲಗಿದ ಮೇಲೂ ಪರದೆಯ ಅಂಚಿನಲ್ಲಿ ಬೆಳಕು ನಿಂತೇ ಇರುತ್ತಿತ್ತು. ಆ ಬೆಳಕಿನಲ್ಲಿ ಕಂಡದ್ದನ್ನೆಲ್ಲ ನಂಬಬಾರದೆಂದು ಈಗ ಅನಿಸುತ್ತದೆ. ಯಾಕೆಂದರೆ ಅಂಥದೊಂದು ಬೇಸಿಗೆಯಿಂದ ನನಗೆ ಎಲ್ಲರಿಗಿಂತ ಚೆನ್ನಾಗಿ ನೆನಪಿರುವ ಹುಡುಗಿ ನಮ್ಮ ಊರಿಗೆ ಬಂದೇ ಇರಲಿಲ್ಲ.

ಅವಳ ಹೆಸರು ಲೆರಾಟೊ. ಕಾಲುವೆಯ ದಂಡೆಯ ಮೇಲೆ, ನೀಲಿ ಸೈಕಲ್ಲಿನಲ್ಲಿ, ನನ್ನ ಬಲಕ್ಕೆ ಬರುತ್ತಿದ್ದಾಳೆ. ಮೊಣಕಾಲಿಗೆ ಹಚ್ಚಿದ ವ್ಯಾಸಲೀನ್ ಬಿಸಿಲಿಗೆ ಹೊಳೆಯುತ್ತಿದೆ. ಬ್ಲ್ಯಾಕ್‌ಬೆರಿ ತಿಂದು ಹಲ್ಲೆಲ್ಲ ನೇರಳೆ. ಕಳೆದ ವರ್ಷ, ನಾನೀಗ ಓದುತ್ತಿರುವ ಎನ್ಸ್‌ಕೆಡೆಯಿಂದ ಅವ್ವನಿಗೆ ಫೋನ್ ಮಾಡಿದಾಗ, ಲೆರಾಟೊ ನಮ್ಮಲ್ಲಿ ಎಷ್ಟು ದಿನ ಇದ್ದಳೆಂದು ಸುಮ್ಮನೆ ಕೇಳಿದೆ.

"ಯಾವ ಲೆರಾಟೊ? ಶ್ರಾವ್ಯಾ ಹೇಳ್ತಿದ್ಳಲ್ಲ, ಆಕೀನ? ಆಕಿ ಎಲ್ಲಿ ಬಂದಾಳೋ ಚೇತ್ಯಾ! ಓದಿ ಓದಿ ತಲಿ ಕೆಟ್ಟೈತಿ ನಿಂದು."

ಅವ್ವ ಹೇಳಿದ್ದೇ ನಿಜವಿರಬೇಕು. ಆದರೂ ವ್ಯಾಸಲೀನ್‌ನ ಆ ಹೊಳಪು ಎಲ್ಲಿಂದ ಬಂತು?

ಶ್ರಾವ್ಯಾ ನಮ್ಮ ಎದುರು ಮನೆಗೆ ಬಂದದ್ದು ಆ ವರ್ಷ ಟ್ಯೂಲಿಪ್ ಅರಳುವ ಹೊತ್ತಿಗೆ. ಮೂಲ ಮಂಗಳೂರಿನವರು. ಅವಳ ಅಪ್ಪನಿಗೆ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಿಂದ ನಮ್ಮ ಹತ್ತಿರದ ಹೇಗ್ ನಗರದ ಆಫೀಸಿಗೆ ವರ್ಗವಾಗಿತ್ತು. ಬಂದ ದಿನ ಬೀದಿಯ ಮಧ್ಯೆ ನಿಂತು ಅವಳು ನನ್ನನ್ನು ಮೊದಲು ಕೇಳಿದ್ದು, "ಇಲ್ಲಿ ಗೋಡೆ ಎಲ್ಲಿ?"

"ಯಾವ ಗೋಡೆ?"

"ಮನೆಯದ್ದು ಮಾರಾಯ. ಅಲ್ಲಿ ನಮ್ಮ ಮನೆಗೆ ಇಷ್ಟೆತ್ತರ ಗೋಡೆ, ಮೇಲೆ ಕರೆಂಟ್ ತಂತಿ. ಗೇಟಲ್ಲಿ ಒಬ್ರು ಅಂಕಲ್. ಇಲ್ಲಿ ಎಂತ, ಎಲ್ರ ಮನೆ ಟಿವಿಯೂ ರೋಡಿಂದಲೇ ಕಾಣ್ತದೆ!"

ಆ ಗೋಡೆಯೊಳಗೆ, ಮನೆಯ ಹಿಂದೆ, ಒಂದು ಸಣ್ಣ ಕೋಣೆಯಿತ್ತಂತೆ. ಅದರಲ್ಲಿ ಮನೆಗೆಲಸದ ಪುಲೆಂಗ್ ಇದ್ದಳು. ಅವಳ ಮಗಳು ಲೆರಾಟೊ ದೂರದ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದವಳು, ಶಾಲೆಗೆ ರಜೆ ಬಂದಾಗ ಮಾತ್ರ ಅಮ್ಮನ ಕೋಣೆಗೆ ಬರುತ್ತಿದ್ದಳು. ಶ್ರಾವ್ಯಾಳ ಲೆಕ್ಕದಲ್ಲಿ ವರ್ಷ ಎಂದರೆ ಆ ರಜೆಗಳೇ. ಊರು ಬಿಡುವ ದಿನ ಗೇಟಿನ ಹತ್ತಿರ ಲೆರಾಟೊ ಅಳುತ್ತಾ ನಿಂತಾಗ, ಶ್ರಾವ್ಯಾಳ ಅಮ್ಮ ಶಶಿ ಆಂಟಿ ಅವಳ ಗಲ್ಲ ಹಿಡಿದು, "ಬರುವ ರಜೆಗೆ ನೀನು ನಮ್ಮ ಹೊಸ ಮನೆಗೇ ಬಾ, ಆಯ್ತಾ?" ಎಂದಿದ್ದರು.

ನಮ್ಮವರು ಯಾರನ್ನೂ 'ಬನ್ನಿ' ಎನ್ನದೆ ಬೀಳ್ಕೊಡುವುದಿಲ್ಲ. ಕೇಳಿದವರೂ ಆಗಲಿ ಎನ್ನುತ್ತಾರೆ, ಯಾರೂ ಪೆಟ್ಟಿಗೆ ಕಟ್ಟುವುದಿಲ್ಲ. ಆದರೆ ಆ ಇಬ್ಬರು ಹುಡುಗಿಯರಿಗೆ ಇದು ಗೊತ್ತಿರಲಿಲ್ಲ.

ಹೀಗೆ ನಾವು ಲೆರಾಟೊಗಾಗಿ ಕಾಯತೊಡಗಿದೆವು. ಅವಳು ಕಲಿಸಿದ ಆಟವೊಂದನ್ನು ಶ್ರಾವ್ಯಾ ನನಗೂ ಕಲಿಸಿದಳು. ಹಳೆಯ ಉದ್ದ ಕಾಲುಚೀಲಗಳನ್ನು ಗಂಟು ಹಾಕಿ ದೊಡ್ಡದೊಂದು ಬಳೆ ಮಾಡಬೇಕು. ಇಬ್ಬರು ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಎದುರುಬದುರು ನಿಲ್ಲಬೇಕು, ಮೂರನೆಯವರು ನಡುವೆ ಜಿಗಿಯಬೇಕು. ನಾವಿದ್ದದ್ದು ಇಬ್ಬರೇ. ಹಾಗಾಗಿ ಒಂದು ತುದಿಯನ್ನು, ಲೆರಾಟೊಗೆಂದು ತಂದಿಟ್ಟಿದ್ದ ಮೂರನೆಯ ಸೈಕಲ್ಲಿಗೆ ಕಟ್ಟುತ್ತಿದ್ದೆವು.

ಆ ಸೈಕಲ್ಲನ್ನು ಕೊಡಿಸಿದ್ದು ಶಶಿ ಆಂಟಿಯೇ. 'ಕ್ರಿಂಗ್‌ಲೋಪ್' ಎಂದು ಕರೆಯುವ ಹಳೆ ಸಾಮಾನಿನ ಅಂಗಡಿಯಲ್ಲಿ, ಮಸುಕು ಸೋಫಾಗಳ ಹಿಂದೆ, ಅದು ಗೋಡೆಗೆ ಒರಗಿ ನಿಂತಿತ್ತು. "ಲೆರಾಟೊ ಬಂದ್ರೆ ಅವಳೊಬ್ಳೇ ನಡೀಬೇಕಾ ಮಮ್ಮಿ?" ಎಂದು ಶ್ರಾವ್ಯಾ ಹಟ ಹಿಡಿದಾಗ ಆಂಟಿ ಪರ್ಸ್ ತೆಗೆದಿದ್ದರು. ನಾವು ಅದರ ಸೀಟನ್ನು ಲೆರಾಟೊಳ ಎತ್ತರಕ್ಕೆ ಇಳಿಸಿದೆವು. ಶ್ರಾವ್ಯಾ ತನ್ನ ಕಿವಿಯ ಹತ್ತಿರ ಕೈಯಿಟ್ಟು, "ಇಲ್ಲಿವರೆಗೆ ಬರ್ತಾಳೆ" ಎಂದು ಅಳತೆ ತೋರಿಸಿದ್ದಳು.

ಎಲ್ಲಿ ಹೋದರೂ ಅದನ್ನು ಜೊತೆಗೆ ಒಯ್ಯುತ್ತಿದ್ದೆವು. ಡಚ್ ಹುಡುಗರ ಹಾಗೆ, ಒಂದು ಕೈಯಲ್ಲಿ ನನ್ನ ಸೈಕಲ್ ಓಡಿಸುತ್ತಾ ಇನ್ನೊಂದು ಕೈಯಲ್ಲಿ ಖಾಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಡೆಸುವುದನ್ನು ಕಲಿತೆ. ಅದರ ಹಿಂದಿನ ಚಕ್ರ ಟಿಕ್ ಟಿಕ್ ಎನ್ನುತ್ತಿತ್ತು. ಕಾಲುವೆಯ ಪಾಚಿಯ ವಾಸನೆ, ಕೊಯ್ದ ಹುಲ್ಲಿನ ವಾಸನೆ. ಮುಂದೆ ಹೋಗುವ ಶ್ರಾವ್ಯಾ ತಿರುಗಿ ತಿರುಗಿ, ಲೆರಾಟೊ ಇದ್ದಿದ್ದರೆ ಇದಕ್ಕೆ ಹೀಗೆ ನಗುತ್ತಿದ್ದಳು, ಆ ಬಾತುಕೋಳಿ ಕಂಡರೆ ಹೀಗೆ ಕೂಗುತ್ತಿದ್ದಳು ಎನ್ನುತ್ತಿದ್ದಳು. ಬಹುಶಃ ಅಲ್ಲೇ ಎಲ್ಲೋ ಖಾಲಿ ಸೀಟು ನನ್ನ ಮಟ್ಟಿಗೆ ತುಂಬಿತು.

ಒಂದು ಮಧ್ಯಾಹ್ನ ನಾವು ಕಿತ್ತು ತಂದ ಬ್ಲ್ಯಾಕ್‌ಬೆರಿಯಿಂದ ಅವ್ವ ಜಾಮ್ ಕುದಿಸುತ್ತಿದ್ದಳು, ಆಂಟಿ ನೀರುದೋಸೆ ಹೊಯ್ಯುತ್ತಿದ್ದರು. ಅಷ್ಟು ದೂರದಿಂದ ಆ ಹುಡುಗಿ ಹೇಗೆ ಬರುತ್ತಾಳೆಂದು ಅವ್ವ ಕೇಳಿದಳು.

"ಯಾಕೆ ಬರ್ಲಿಕ್ಕಾಗುದಿಲ್ಲ ಆಂಟಿ?" ಎಂದಳು ಶ್ರಾವ್ಯಾ. "ಲೆರಾಟೊನ ಅಜ್ಜಿ ಚಿಕ್ಕದಿರುವಾಗ ಪಾರ್ಕ್ ಬೆಂಚಲ್ಲಿ ಕೂತ್ಕೊಳ್ಳಿಕ್ಕೂ ಬಿಡ್ತಿರಲಿಲ್ಲ. ಬಿಳಿಯವರಿಗೆ ಮಾತ್ರ ಅಂತ ಬೋರ್ಡ್. ಈಗ ಆ ಬೋರ್ಡೆಲ್ಲ ತೆಗ್ದಾಗಿದೆ. ಯಾರು ಬೇಕಾದ್ರೂ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ನಮ್ಮ ಟೀಚರೇ ಹೇಳಿದ್ದು."

"ಹೌದವಾ, ಬೋರ್ಡ್ ತಗದಾರ. ಆದ್ರ ವಿಮಾನ ಹತ್ತಬೇಕಂದ್ರ..." ಅವ್ವ ಆಂಟಿಯ ಮುಖ ನೋಡಿ ಮಾತು ನಿಲ್ಲಿಸಿದಳು.

ಆಂಟಿ ಕಾವಲಿಯಿಂದ ಕಣ್ಣೆತ್ತಲಿಲ್ಲ. "ನೀವಿಬ್ರು ಹೊರಗೆ ಆಡಿ ಹೋಗಿ. ದೋಸೆ ಆದ್ರೆ ಕರೀತೇನೆ."

ರಜೆಯ ಕೊನೆಯ ಭಾನುವಾರ ಶ್ರಾವ್ಯಾಳ ಕಾಟ ತಡೆಯಲಾರದೆ ಆಂಟಿ ಪುಲೆಂಗ್‌ಗೆ ಫೋನ್ ಮಾಡಿದರು. ನಾವಿಬ್ಬರೂ ಕೇಳಲೆಂದು ಸ್ಪೀಕರ್ ಹಾಕಿಸಿದೆವು. ಆ ದಿನ ಪುಲೆಂಗ್ ಹಳ್ಳಿಗೆ, ಮಗಳ ಹತ್ತಿರ ಹೋಗಿದ್ದಳು. ಜೊಹಾನ್ಸ್‌ಬರ್ಗ್‌ನ ಆ ಮನೆಗೆ ಬಂದ ಹೊಸಬರು ಹಿಂದಿನ ಕೋಣೆಯಲ್ಲಿ ಮಗು ಇರಕೂಡದು ಎಂದಿದ್ದರಂತೆ. ರಜೆಗೂ ಈಗ ಲೆರಾಟೊ ಅಲ್ಲಿಗೆ ಬರುವ ಹಾಗಿರಲಿಲ್ಲ. ಅವಳನ್ನು ಇಲ್ಲಿಗೆ ಕಳಿಸುವ ಮಾತನ್ನು ಆಂಟಿ ತಡವರಿಸುತ್ತಾ ಎತ್ತಿದಾಗ ಪುಲೆಂಗ್ ದೊಡ್ಡದಾಗಿ ನಕ್ಕುಬಿಟ್ಟಳು. ಅವಳ ಇಂಗ್ಲಿಷ್ ನನಗೂ ಅರ್ಥವಾಗುತ್ತಿತ್ತು. "ಮೇಡಂ, ನಾನೇ ನನ್ನ ಮಗಳನ್ನು ನೋಡಲು ಸಂಬಳದ ದಿನದವರೆಗೆ ಕಾಯಬೇಕು. ಬಸ್ಸಿನ ಖರ್ಚಿಗೇ ಆಗುವುದಿಲ್ಲ, ನೀವು ವಿಮಾನ ಅನ್ನುತ್ತೀರಿ!" ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಆಂಟಿಗೆ ಎಷ್ಟೋ ಹಗುರವಾಗುತ್ತಿತ್ತೇನೋ.

ಶ್ರಾವ್ಯಾ ಫೋನ್ ಕಸಿದುಕೊಂಡಳು. "ಲೆರಾಟೊ! ನಿನ್ನ ಸೈಕಲ್ ರೆಡಿ ಇದೆ!"

"ಯಾವ ಬಣ್ಣ?" ಸಣ್ಣ, ಸ್ವಲ್ಪ ಒಡೆದ ದನಿ.

"ನೀಲಿ. ಸೀಟು ನಿನ್ನ ಎತ್ತರಕ್ಕೇ ಇಳಿಸಿದ್ದೇವೆ."

ಆ ಕಡೆ ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ ಲೆರಾಟೊ ಹೇಳಿದಳು, "ಮೇಲೆ ಮಾಡು. ನಾನೀಗ ಉದ್ದ ಆಗಿದ್ದೇನೆ."

ಕರೆ ಕಡಿದುಹೋಯಿತು. ಶ್ರಾವ್ಯಾ ಫೋನನ್ನು ಅದರ ಜಾಗದಲ್ಲಿಟ್ಟು ಅಮ್ಮನನ್ನೇ ನೋಡಿದಳು. "ಮಮ್ಮಿ, ನೀನು ಸುಮ್ಮನೆ ಹೇಳಿದ್ದಾ? ಬಾ ಅಂತ?"

"ಇಲ್ಲ ಮಗಾ. ಆಗ ಮನಸ್ಸಿಂದಲೇ ಹೇಳಿದ್ದು."

"ಈಗ?"

ಆಂಟಿ ಎದ್ದು ಹೋಗಿ ಬೀದಿಗೆ ಕಾಣುವ ಕಿಟಕಿಯ ಪರದೆ ಎಳೆದರು. ಶ್ರಾವ್ಯಾ ಅಳಲಿಲ್ಲ. ಹಿತ್ತಲಿನ ಶೆಡ್ಡಿಗೆ ಹೋಗಿ ಸ್ಪ್ಯಾನರ್ ತಂದಳು. ನಾನು ಸೈಕಲ್ ಹಿಡಿದೆ, ಅವಳು ಸೀಟು ಎತ್ತರಿಸಿದಳು. ಎಷ್ಟು ಎಂದು ನಮಗೆ ಗೊತ್ತಿರಲಿಲ್ಲ. ಅವಳ ಕಿವಿ ಈಗ ಅಳತೆಗೆ ಸಾಲುತ್ತಿರಲಿಲ್ಲ.

ಶ್ರಾವ್ಯಾ ಈಗ ಇದೇ ದೇಶದ ನ್ಯೂವೆಗೈನ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಪುಲೆಂಗ್‌ಳ ನಂಬರ್ ಎಂದೋ ಬದಲಾಗಿ ಹೋಯಿತಂತೆ. ಸೈಕಲ್ ನೀಲಿಯಲ್ಲ, ಹಸಿರು ಎನ್ನುತ್ತಾಳೆ. 'ಉದ್ದ ಆಗಿದ್ದೇನೆ' ಎಂಬ ಮಾತು ಅವಳಿಗೆ ನೆನಪೇ ಇಲ್ಲ. "ಅದು ನಿನ್ನ ಇಮ್ಯಾಜಿನೇಶನ್ ಮಾರಾಯ. ಆದ್ರೆ ಚೆನ್ನಾಗುಂಟು, ಇಟ್ಕೋ."

ಇಟ್ಟುಕೊಂಡಿದ್ದೇನೆ. ಬೋರ್ಡ್ ತೆಗೆದ ಮೇಲೂ ಒಬ್ಬ ಹುಡುಗಿ ಯಾಕೆ ಬರಲಾರಳು ಎಂದು ಇವತ್ತು ಯಾರಾದರೂ ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ. ಭೂಮಿ ಯಾರ ಕೈಯಲ್ಲಿ ಉಳಿಯಿತು, ಒಳ್ಳೆಯ ಶಾಲೆ ಯಾವ ಗೋಡೆಯೊಳಗೆ ಉಳಿಯಿತು, ಹಿಂದಿನ ಕೋಣೆ ಯಾಕೆ ಹಿಂದಿನ ಕೋಣೆಯಾಗಿಯೇ ಉಳಿಯಿತು. ಹೇಳುವಾಗ ಎಲ್ಲವೂ ಸರಿಯಾಗಿರುತ್ತದೆ, ಯಾರೂ ಬರುವುದಿಲ್ಲ ಎಂಬುದೂ ಮೊದಲೇ ಗೊತ್ತಿರುತ್ತದೆ. ಬರುತ್ತಾಳೆಂದು ನಂಬಿ ಸೀಟಿನ ಎತ್ತರವೊಂದರ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡ ಆ ಬೇಸಿಗೆ ಮತ್ತೆ ನನಗೆ ಸಿಕ್ಕಿಲ್ಲ.

ಸಂಜೆ ಯೂನಿವರ್ಸಿಟಿಯಿಂದ ಸೈಕಲ್ಲಿನಲ್ಲಿ ಮರಳುವಾಗ, ಬೆಳಕು ಮುಗಿಯದ ಹೊತ್ತಿನಲ್ಲಿ, ಕೆಲವೊಮ್ಮೆ ಬಲಗೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಚಾಚುತ್ತದೆ. ಹಿಡಿಯಲು ಅಲ್ಲೇನೂ ಇರುವುದಿಲ್ಲ. ಸ್ವಲ್ಪ ದೂರ ಹಾಗೆಯೇ ಹೋಗುತ್ತೇನೆ.