ಎಡಗಾಲಿಗೆ ಹಚ್ಚಬೇಕಾದ ಮದ್ದು

ಕಳೆದ ತಿಂಗಳು ಏಳು ದಿನ, ಏಳೂ ಬೆಳಿಗ್ಗೆ, ನಾನು ಬಾಯಿ ಮುಚ್ಚಿ ಕೂತಿದ್ದೆ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಇಪ್ಪತ್ತು ವರ್ಷದಿಂದ ಡ್ರಿಲ್ ಮಾಸ್ತರ ನಾನು. ನನ್ನ ‘ಅಟೆನ್ಶನ್’ ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿ ನಿಂತದ್ದುಂಟು. (ಮಕ್ಕಳಿಗಿಂತ ಎತ್ತುಗಳೇ ಬೇಗ ನಿಂತವು ಎಂಬುದು ಹೆಡ್‌ಮಾಸ್ತರರ ಅಭಿಪ್ರಾಯ.) ಅಂಥವನು ಅಂಗಳದ ಮೆಟ್ಟಿಲಲ್ಲಿ ಕೂತು, ಮೂಡು ದಿಕ್ಕಿಗೆ ಮುಖ ಮಾಡಿ, ಸೂರ್ಯ ಕಾಣುವವರೆಗೆ ತುಟಿ ಬಿಚ್ಚದೆ ಕಾದೆ. ಕೈಯಲ್ಲಿ ತೆಂಗಿನ ಗೆರಟೆ. ಗೆರಟೆಯಲ್ಲಿ ಹಸುರು ರಸ. ಪಕ್ಕದಲ್ಲಿ ಮಗಳು.

ಕಾರಣ, ತಲೆನೋವು. ನನ್ನದಲ್ಲ, ಅವಳದು.

ವಾರಿಜಳಿಗೆ ಹದಿನೈದು ವರ್ಷ. ಫಿಫ್ತ್ ಫಾರಂ, ಹೈಸ್ಕೂಲು ಮುಗಿಯಲು ಇನ್ನೊಂದೇ ವರ್ಷ. ಒಂದು ವರ್ಷದಿಂದ ಅವಳಿಗೆ ಅರೆತಲೆನೋವು. ವಾರಕ್ಕೆ ಎರಡು ಸಲವಾದರೂ ತಲೆಯ ಬಲಭಾಗ ಒತ್ತಿಹಿಡಿದುಕೊಂಡು ಶಾಲೆಯಿಂದ ಬರುತ್ತಿದ್ದಳು. ಬೆಳಕು ಆಗದು, ಸದ್ದು ಆಗದು, ಹೊಟ್ಟೆಯಲ್ಲಿ ನೀರು ಕೂಡ ನಿಲ್ಲದು. ಹಣೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗುವಳು. ಆಗ ಬಾಗಿಲ ಹೊರಗೆ ಅಪ್ಪನಾದವನು ಮಾಡುವುದೇನು? ನಿಲ್ಲುವುದು. ಅಷ್ಟೇ.

ಡಿಸ್ಪೆನ್ಸರಿಯ ಡಾಕ್ಟರು ಒಳ್ಳೆಯವರು. ಬಿಳಿ ಮಾತ್ರೆ ಕೊಟ್ಟರು, ಕೆಂಪು ಮಿಕ್ಸ್ಚರ್ ಕೊಟ್ಟರು. ಕನ್ನಡಕ ಬೇಕೋ ಏನೋ ಎಂದು ಕುಂಬಳೆಯಲ್ಲಿ ರೈಲು ಹತ್ತಿಸಿ ಮಂಗಳೂರಿಗೂ ಕರೆದುಕೊಂಡು ಹೋದೆ. ಕಣ್ಣಿಗೇನೂ ಆಗಿಲ್ಲ, ಇದಕ್ಕೆ ಮೈಗ್ರೇನ್ ಎನ್ನುತ್ತಾರೆ ಎಂದರು. ಹೋಗುವಾಗ ತಲೆನೋವು ಕನ್ನಡದ್ದಾಗಿತ್ತು, ಬರುವಾಗ ಇಂಗ್ಲಿಷಿನದ್ದಾಗಿತ್ತು. ನೋವು ಅಷ್ಟೇ ಇತ್ತು.

ನನ್ನ ಅತ್ತೆಯವರಿಗೆ ಮಾತ್ರ ಯಾವ ಡಾಕ್ಟರೂ ಬೇಕಾಗಿರಲಿಲ್ಲ.

“ಓದಿ ಓದಿ ಬಂದದ್ದು ಮಾಸ್ತ್ರೇ. ಹೆಣ್ಣು ಹುಡುಗಿಗೆ ಇಷ್ಟು ಓದು ಎಂತಕ್ಕೆ? ಹೆಚ್ಚು ಓದಿದವಳು ಕಡೆಗೆ ಮನೆಯವರನ್ನೇ ಕುಣಿಸ್ತಾಳೆ, ನೋಡ್ತಾ ಇರಿ. ಸಾಕು, ಶಾಲೆ ಬಿಡಿಸಿ.”

(ನಮ್ಮ ಮನೆಮಾತು ತುಳು. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಇನ್ನೂ ಖಾರವಾಗಿತ್ತು.)

ಇಲ್ಲಿ ಒಂದು ಮಾತು ತಿಳಿಸಬೇಕು. ನಾವು ಅಳಿಯಕಟ್ಟಿನವರು. ಮನೆ ಹೆಂಡತಿಯ ಕುಟುಂಬದ್ದು, ಮಕ್ಕಳೂ ಆ ಕುಟುಂಬದವರೇ. ಎಲೆಕ್ಷನ್ನಿನಲ್ಲಿ ನನಗೂ ಅತ್ತೆಗೂ ಒಂದೊಂದೇ ಓಟು. ಮನೆಯಲ್ಲಿ ಹಾಗಲ್ಲ. ಅತ್ತೆ ಶಾಲೆ ಸಾಕು ಎಂದರೆ ಸಾಕು. ಮಗಳಿಗೋ ಸಿಕ್ಸ್ತ್ ಫಾರಂ ಮುಗಿಸಿ ಟೀಚರ್ ಟ್ರೈನಿಂಗಿಗೆ ಹೋಗುವ ಆಸೆ. ಅಜ್ಜಿ ಶಾಲೆ ಬಿಡಿಸುವ ಮಾತೆತ್ತಿದ ದಿನ ಅವಳು ಪುಸ್ತಕದ ಚೀಲವನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು ಮಲಗಿದ್ದಳು.

ಆಗ ಬಂದವಳು ನಾರಾಯಣಿ. ನೀಲೇಶ್ವರದ ಕಡೆಯವಳು, ನಮ್ಮಲ್ಲಿಗೆ ಬಳೆ ಮಾರಲು ಬರುತ್ತಾಳೆ. ವಾರಿಜಳ ಹಣೆಯ ಬಟ್ಟೆ ನೋಡಿ ಬಳೆಯ ಬುಟ್ಟಿ ಕೆಳಗಿಟ್ಟಳು.

“ಇದು ಚೆನ್ನಿಕುತ್ತು ಅಲ್ಲವಾ ಮೋಳೇ? ನಮ್ಮಲ್ಲಿ ಇದಕ್ಕೆ ಮದ್ದುಂಟು.” (ಚೆನ್ನಿಕುತ್ತು ಎಂದರೆ ಅವಳ ಮಲಯಾಳದಲ್ಲಿ ಅರೆತಲೆನೋವು, ಮೋಳೇ ಎಂದರೆ ಮಗಳೇ.)

ಮೊಲದ ಕಿವಿಯಂಥ ಎಲೆಯ ಒಂದು ಸಣ್ಣ ಗಿಡ. ಗದ್ದೆಯ ಬದುವಿನಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಅದನ್ನು ಅರೆದು ರಸ ಹಿಂಡಿ, ಸೂರ್ಯ ಹುಟ್ಟುವ ಮೊದಲು ಕಾಲಿನ ಹೆಬ್ಬೆರಳ ಉಗುರಿಗೆ ಹಚ್ಚಬೇಕು. ತಲೆಯ ಬಲಕ್ಕೆ ನೋವಾದರೆ ಎಡಗಾಲು, ಎಡಕ್ಕೆ ನೋವಾದರೆ ಬಲಗಾಲು. ಹಚ್ಚುವವರೂ ಹಚ್ಚಿಸಿಕೊಳ್ಳುವವರೂ ಮೂಡಕ್ಕೆ ಮುಖ ಮಾಡಬೇಕು. ಸೂರ್ಯ ಕಾಣುವವರೆಗೆ ಇಬ್ಬರೂ ಮಾತಾಡಬಾರದು. ಏಳು ದಿನ.

ನಾನು ನಕ್ಕೆ. ನೋವು ತಲೆಯಲ್ಲಿ, ಮದ್ದು ಕಾಲಿಗೆ! ಇಂಥ ಮದ್ದುಗಳನ್ನು ಪೇಪರಿನ ಇದೇ ಅಂಕಣದಲ್ಲಿ ಎಷ್ಟು ಸಲ ಗೇಲಿ ಮಾಡಿಲ್ಲ? ಆದರೆ ಮಗಳು ನಗಲಿಲ್ಲ.

“ಒಮ್ಮೆ ಮಾಡಿ ನೋಡುವ ಅಪ್ಪ. ಕುಡಿಯುವ ಮದ್ದಲ್ಲವಲ್ಲ. ಗುಣ ಆಗದಿದ್ದರೆ ಕಾಲು ತೊಳೆದರೆ ಆಯ್ತು.”

 ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಅತ್ತೆ ಎರಡು ಷರತ್ತು ಹಾಕಿದರು. ಮದ್ದಿನ ನಂತರ ಒಂದು ತಿಂಗಳು ನೋಡುವುದು, ಅಷ್ಟರಲ್ಲಿ ತಲೆನೋವು ಪುನಃ ಬಂದರೆ ಶಾಲೆ ಬಂದ್. ಎರಡನೆಯದು ನನಗೆ. “ಮದ್ದು ಮಾಸ್ತ್ರೇ ಹಚ್ಚಲಿ. ಪೇಪರಿನಲ್ಲಿ ತಮಾಷೆ ಬರೆಯುವವರು ಒಮ್ಮೆ ಕೈಯಾರೆ ಮಾಡಲಿ.”

ಹಾಗೆ ನಾನು ಮೆಟ್ಟಿಲಲ್ಲಿ ಕೂತದ್ದು.

ನಮ್ಮ ಮನೆಯ ಪೂರ್ವಕ್ಕೆ ಗುಡ್ಡ. ಪಂಚಾಂಗದ ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದ ಮೇಲೆ ನಮ್ಮ ಸೂರ್ಯ ಕಾಣುವುದು. ಅಲ್ಲಿವರೆಗೆ ಮೌನ. ಮೊದಲ ದಿನ ಒಂದು ಕಾಗೆ ಬಂದು ಗೆರಟೆಗೆ ಬಾಯಿ ಹಾಕಿತು. ಬೈಯುವ ಹಾಗಿಲ್ಲ, ಅಟ್ಟುವಾಗ ‘ಹುಶ್’ ಎನ್ನುವ ಹಾಗೂ ಇಲ್ಲ. ನಾನು ಕೈ ಬೀಸಿದ ಚಂದಕ್ಕೆ ವಾರಿಜ ಬಾಯಿಗೆ ಸೆರಗು ತುರುಕಿಕೊಂಡಳು. ಮೂರನೇ ದಿನದಿಂದ ನನಗೆ ಆ ಹೊತ್ತು ಹಿತವಾಗತೊಡಗಿತು. ಮಗಳ ಪಕ್ಕದಲ್ಲಿ ಉಪದೇಶ ಮಾಡದೆ ಕೂತದ್ದು ಅದೇ ಮೊದಲು ಇರಬೇಕು. ಸೂರ್ಯ ಬಂದ ಕೂಡಲೇ ಅವಳು ಬಿಸಿ ಗಂಜಿ ಉಂಡು ಶಾಲೆಗೆ ಹೋಗುವಳು. ಮೊದಲೆಲ್ಲ ತಡವಾಗಿ ಎದ್ದು ಬರಿಹೊಟ್ಟೆಯಲ್ಲಿ ಓಡುತ್ತಿದ್ದವಳು!

ಏಳು ದಿನ ಕಳೆಯಿತು. ತಲೆನೋವಿನ ಸುದ್ದಿ ಇಲ್ಲ. ಅತ್ತೆ ಮಾತ್ರವಲ್ಲ, ಬಾವಿಕಟ್ಟೆಯ ಹೆಂಗಸರೆಲ್ಲ ನನ್ನನ್ನು ನೋಡಿ ನಕ್ಕರು. ನಾನು ಸೋಲೊಪ್ಪಿಕೊಂಡು ಒಂದು ಅಂಕಣ ಬರೆಯಲು ಕಾಗದವನ್ನೂ ತೆಗೆದಿಟ್ಟೆ.

ಒಂಬತ್ತನೇ ದಿನ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಹೊಸ ವ್ಯಾಯಾಮ ಕಲಿಸುತ್ತಿದ್ದೆ. ಎದುರು ನಿಂತು ತೋರಿಸಿದರೆ ಅವರಿಗೆ ಅರ್ಥವಾಗಲಿಲ್ಲ. ಸರಿ, ತಿರುಗಿ ನಿಂತೆ. ಅವರಿಗೆ ಬೆನ್ನು ಹಾಕಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ‘ಲೆಫ್ಟ್’ ಎಂದು ಕೂಗಿ ಕೈ ಎತ್ತಿದೆ. ಹಿಂದೆ ಗುಲ್ಲೋ ಗುಲ್ಲು. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ, ಕೈಗೆ ಕೈ ಬಡಿದು ಸಾಲೇ ಕೆಟ್ಟಿತ್ತು.

“ಸರ್, ನೀವು ಎತ್ತಿದ್ದು ಬಲಗೈ!”

ಹೌದು. ಮಕ್ಕಳ ಎದುರು ನಿಂತು ‘ಲೆಫ್ಟ್’ ಎನ್ನುವ ಡ್ರಿಲ್ ಮಾಸ್ತರ ತನ್ನ ಬಲಗೈಯನ್ನೇ ಎತ್ತಬೇಕು, ಕನ್ನಡಿಯೊಳಗಿನವರ ಹಾಗೆ. ಇಪ್ಪತ್ತು ವರ್ಷದ ಅಭ್ಯಾಸ. ಬಾಯಿ ಎಡ ಎಂದರೆ ಕೈ ತಾನಾಗಿ ಬಲಕ್ಕೆ ಹೋಗುತ್ತದೆ.

ಎತ್ತಿದ ಕೈ ಇಳಿಸುವ ಮೊದಲೇ ನನಗೆ ಮನೆಯ ಮೆಟ್ಟಿಲು ನೆನಪಾಯಿತು. ಮೆಟ್ಟಿಲಲ್ಲಿ ನಾನೂ ವಾರಿಜಳೂ ಎದುರುಬದುರು ಕೂತದ್ದಲ್ಲ. ಪಕ್ಕಪಕ್ಕ, ಒಂದೇ ದಿಕ್ಕಿಗೆ. ಏಳೂ ದಿನ ನಾನು ಮನಸ್ಸಿನಲ್ಲಿ ‘ಎಡಗಾಲು, ಎಡಗಾಲು’ ಎನ್ನುತ್ತಾ ಹಚ್ಚಿದ್ದು ಯಾವ ಕಾಲಿಗೆ?

ಸಂಜೆ ಅವಳು ಚಾವಡಿಯಲ್ಲಿ ಕಾಲು ನೀಡಿ ಓದುತ್ತಿದ್ದಳು. ನೋಡಿದೆ. ಬಲಗಾಲಿನ ಹೆಬ್ಬೆರಳ ಉಗುರಿನ ಅಂಚಿನಲ್ಲಿ ಇನ್ನೂ ಹಸುರು. ಎಡಗಾಲು ಶುಭ್ರ.

ಬಾವಿಯ ಹಿಂದೆ ಕರೆದುಕೊಂಡು ಹೋಗಿ ತಪ್ಪೊಪ್ಪಿಕೊಂಡೆ.

“ಗೊತ್ತುಂಟು ಅಪ್ಪ. ಮೊದಲ ದಿನವೇ ಗೊತ್ತಾಗಿದೆ.”

“ಮತ್ತೆ ಎಂತಕ್ಕೆ ಹೇಳಲಿಲ್ಲ?”

“ಮಾತಾಡಬಾರದಿತ್ತಲ್ಲ? ಎರಡನೇ ದಿನ ಎಡಗಾಲು ಮುಂದೆ ಚಾಚಿದೆ. ನೀವು ಅದನ್ನು ಬದಿಗೆ ಸರಿಸಿ ಬಲಗಾಲಿಗೆ ಹಚ್ಚಿದ್ದೀರಿ.”

“ಸೂರ್ಯ ಬಂದ ಮೇಲೆ ಹೇಳಬಹುದಿತ್ತಲ್ಲ ಮಾರಾಯ್ತಿ!”

ಅವಳು ಬಾವಿಕಟ್ಟೆಯ ಪಾಚಿಯನ್ನು ಉಗುರಿನಿಂದ ಕೆರೆಯತೊಡಗಿದಳು. “ಹೇಳಿದರೆ ಅಜ್ಜಿಗೆ ಗೊತ್ತಾಗ್ತಿತ್ತು. ಮದ್ದು ತಪ್ಪಿತು, ಇನ್ನು ಗುಣ ಆಗ್ಲಿಕ್ಕಿಲ್ಲ, ಶಾಲೆ ಬೇಡ ಅಂತಿದ್ರು.” ಆಮೇಲೆ ಮೆಲ್ಲನೆ ಹೇಳಿದಳು, “ಐದನೇ ದಿನ ತಲೆನೋವು ಬಂದಿತ್ತು ಅಪ್ಪ. ಮೊದಲಿನಷ್ಟು ಇರಲಿಲ್ಲ. ಕ್ಲಾಸಿನಲ್ಲಿ ಡೆಸ್ಕಿಗೆ ಹಣೆ ಕೊಟ್ಟು ಕೂತೆ. ಮನೆಗೆ ಬರುವಾಗ ಕಡಿಮೆ ಆಗಿತ್ತು.”

 ನಾನು, ಅತ್ತೆ, ನಾರಾಯಣಿ, ಡಾಕ್ಟರು, ಎಲ್ಲರೂ ನಮ್ಮ ನಮ್ಮ ಮದ್ದು ಗೆಲ್ಲುತ್ತದೋ ಸೋಲುತ್ತದೋ ಎಂದು ನೋಡುತ್ತಿದ್ದೆವು. ಹುಡುಗಿ ಶಾಲೆಗೋಸ್ಕರ ನೋವನ್ನೇ ಅಡಗಿಸಿಟ್ಟಿದ್ದಳು. ಇನ್ನು ಮೇಲೆ ನನ್ನ ಹತ್ತಿರ ಮುಚ್ಚಿಡಬೇಡ, ತಲೆನೋವು ಬಂದರೂ ಶಾಲೆ ನಿಲ್ಲಲು ನಾನು ಬಿಡುವುದಿಲ್ಲ ಎಂದೆ. ಅತ್ತೆಯ ಎದುರು ಇಷ್ಟು ಗಟ್ಟಿಯಾಗಿ ಹೇಳಬಲ್ಲೆನೇ? ಬಾವಿಯ ಹಿಂದೆ ಹೇಳಿದ್ದಂತೂ ನಿಜ.

ಆಮೇಲೆ ಈವರೆಗೆ ನೋವು ಬಂದದ್ದು ಇನ್ನೊಂದೇ ಸಲ, ಅದೂ ಸಣ್ಣದು, ಅತ್ತೆಯ ಕಿವಿಗೆ ಬೀಳಲಿಲ್ಲ. ಬರಿಹೊಟ್ಟೆಯಲ್ಲಿ ಕಳಿಸಬೇಡಿ, ಬೆಳಿಗ್ಗಿನ ಗಂಜಿ ಮುಂದುವರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಸೊಪ್ಪೋ, ಗಂಜಿಯೋ, ನನ್ನ ಬಾಯಿ ಮುಚ್ಚಿದ್ದೋ? ನನಗೆ ತಿಳಿಯದು. ಮೊನ್ನೆ ತಿಂಗಳು ತುಂಬಿತು. ಅತ್ತೆ ಬೀಗುತ್ತಾ ಸಿಕ್ಸ್ತ್ ಫಾರಮಿಗೆ ಒಪ್ಪಿಗೆ ಕೊಟ್ಟರು.

ಇದನ್ನೆಲ್ಲ ಪೇಪರಿಗೆ ಬರೆಯಲೇ ಎಂದು ಮಗಳನ್ನೇ ಕೇಳಿದೆ.

“ಬರೆಯಿರಿ ಅಪ್ಪ. ಅಜ್ಜಿಗೆ ಪೇಪರು ಓದಿ ಹೇಳುವವಳು ನಾನೇ ಅಲ್ಲವಾ?”

ಎಂದಳು. ನಗಲೂ ಇಲ್ಲ! ಈ ವಾರ ಅತ್ತೆಯ ಪಾಲಿಗೆ ಈ ಕಥೆ ಏಳನೇ ದಿನಕ್ಕೇ ಮುಗಿಯಲಿದೆ. ಸೀತಾಂಗೋಳಿಯಿಂದ ಕುಂಬಳೆವರೆಗಿನ ಓದುಗರಲ್ಲಿ ಒಂದು ವಿನಂತಿ. ನನ್ನ ಅತ್ತೆ ದಾರಿಯಲ್ಲಿ ಸಿಕ್ಕರೆ ದಯವಿಟ್ಟು ಮಳೆಯ ವಿಷಯ ಮಾತಾಡಿ.

ಹೆಚ್ಚು ಓದಿದವಳು ಮನೆಯವರನ್ನೇ ಕುಣಿಸುತ್ತಾಳೆ ಎಂದ ಅತ್ತೆಯ ಮಾತು ಅಕ್ಷರಶಃ ನಿಜವಾಯಿತು, ಆದರೆ ಅದನ್ನು ಅವರಿಗೆ ಓದಿ ಹೇಳುವವರು ಯಾರು?